ಧನ್ಯಾಳ ಹೊಟ್ಟೆನೋವಿನ ವರ್ಷ

ಮೊನ್ನೆ ಆಲ್ದೂರಿನಲ್ಲಿ ತಂಗಿಯನ್ನು ನೋಡಿಕೊಂಡು ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಕಿಟಕಿಯ ಗಾಜು ಅರ್ಧ ಸರಿದಿತ್ತು. ಒಂದು ತಿರುವಿನಲ್ಲಿ ಕಾಫಿ ಹೂವಿನ ವಾಸನೆ ಘಮ್ಮೆಂದು ಒಳಗೆ ನುಗ್ಗಿತು. ಎರಡೂ ಬದಿಯ ತೋಟ ಬೆಳ್ಳಗೆ. ಮುಂದಿನ ಸೀಟಿನ ಹುಡುಗರು ಫೋಟೋ ತೆಗೆಯಲು ಮೊಬೈಲು ಹೊರಗೆ ಚಾಚಿದರು. ನನಗೆ ಮಾತ್ರ ಗಂಟಲಿಗೆ ಒಂದು ಕೂಗು ಬಂತು. ಅಳುವಲ್ಲ, ಹಾಡಲ್ಲ, ಬೆಟ್ಟದಿಂದ ಬೆಟ್ಟಕ್ಕೆ ಹಾಕುವಂಥ ಕೂಗು. ನನಗೆ ತಿಳಿಯದೆಯೇ ಹೊಟ್ಟೆ ತುಂಬ ಉಸಿರು ಎಳೆದುಕೊಂಡುಬಿಟ್ಟಿದ್ದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಗಾಬರಿಯಿಂದ ತನ್ನ ಚೀಲ ಎತ್ತಿಕೊಂಡಳು. "ಎಂತ ಅಕ್ಕ, ವಾಂತಿ ಬರ್ತಾ ಉಂಟಾ? ಕಿಟಕಿ ಕಡೆ ತಿರುಗಿ, ಕಿಟಕಿ ಕಡೆ ತಿರುಗಿ!"

"ಇಲ್ಲ ಮಾರಾಯ್ತಿ, ಹೂವಿನ ವಾಸನೆ ಚೆನ್ನಾಗಿದೆ ಅಂತ ಎಳ್ಕೊಂಡೆ" ಎಂದು ಉಸಿರನ್ನು ಮೆಲ್ಲಗೆ ಬಿಟ್ಟೆ. ಅವಳಿಗೆ ನಂಬಿಕೆ ಬರಲಿಲ್ಲ. ಚೀಲ ಕೆಳಗಿಡಲಿಲ್ಲ. ಮನೆ ತಲುಪುವವರೆಗೆ ನನಗೆ ಆ ಒಂದು ವರ್ಷದ ಹೂವಿನ ಕಾಲವೇ ಕಣ್ಣ ಮುಂದೆ.

ಆಗ ನಮ್ಮ ಮಗಳು ಧನ್ಯಾ ನಾಲ್ಕನೇ ಕ್ಲಾಸು. ನಮ್ಮವರು ಮೂಡಿಗೆರೆ ಹತ್ತಿರದ ಎಸ್ಟೇಟೊಂದರಲ್ಲಿ ಮೇಸ್ತ್ರಿ, ಈಗಲೂ ಅಲ್ಲೇ. ತೋಟದವರು ಕೊಟ್ಟ ಮನೆಯಲ್ಲಿ ನಾವು ಮೂವರು ಮತ್ತು ನಮ್ಮ ಅತ್ತೆ. ಮನೆ ಮುಂದೆ ಕಾಫಿ ಒಣಗಿಸುವ ಕಣ, ಕಣದ ಆಚೆ ಇಳಿಜಾರಿನಲ್ಲಿ ರೋಬಸ್ಟಾ ಕಾಫಿಯ ತೋಟ, ತೋಟದ ತಳದಲ್ಲಿ ಕೆರೆ, ಕೆರೆಯ ದಂಡೆಯಲ್ಲಿ ಪಂಪ್‌ಶೆಡ್ಡು. ಕೊಯ್ಲು ಮುಗಿದು ಬಿಸಿಲು ಏರಿದ ಮೇಲೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಬೇಕು. ಆಗಲೇ ಮೊಗ್ಗು ಅರಳುವುದು, ಮುಂದಿನ ವರ್ಷದ ಫಸಲು ನಿಲ್ಲುವುದು. ಪಂಪು ಓಡುವಷ್ಟು ಕರೆಂಟು ಬರುವುದು ನಸುಕಿನಲ್ಲಿ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ನಮ್ಮವರು ಟಾರ್ಚು ಹಿಡಿದು ಕೆರೆಗೆ ಇಳಿಯುತ್ತಿದ್ದರು. ಪಂಪು ಹಾಕಿ, ಆಳುಗಳ ಜೊತೆ ಪೈಪು ಬದಲಾಯಿಸಿ, ಬಿಸಿಲು ಬಂದ ಮೇಲೆ ತಿಂಡಿಗೆ ಮನೆಗೆ.

ಪ್ರತಿವರ್ಷದ ಕೆಲಸವೇ ಅದು. ಆ ವರ್ಷ ಮಾತ್ರ ಆನೆಗಳ ಹಿಂಡು ನಮ್ಮ ಸುತ್ತಲಿನ ತೋಟಗಳನ್ನು ಬಿಟ್ಟು ಕದಲಲೇ ಇಲ್ಲ. ಇವತ್ತು ಈ ತೋಟದ ಹಲಸಿನ ಮರದ ಕೆಳಗೆ, ನಾಳೆ ಆ ತೋಟದ ಕೆರೆಯಲ್ಲಿ. ಊರವರ ಮೊಬೈಲ್ ಗ್ರೂಪಿನಲ್ಲಿ ಬೆಳಗಾದರೆ ಅದೇ ಸುದ್ದಿ. ನಮ್ಮ ಧಣಿಗಳು ಕೆರೆಯ ಹತ್ತಿರ ಒಂದು ಸೈರನ್ ಹಾಕಿಸಿದರು. ಆನೆ ಹತ್ತಿರ ಬಂದರೆ ತಾನಾಗಿ ಹೊಡೆದುಕೊಳ್ಳುತ್ತದೆ ಎಂದರು. ಹಾಕಿದವರು ಮೂಡಿಗೆರೆಯ ಮೆಕ್ಯಾನಿಕ್ ಮುನೀರಣ್ಣ. ಪಂಪು ಕೆಟ್ಟರೂ, ಜೀಪು ಕೆಟ್ಟರೂ, ನಮ್ಮ ಮಿಕ್ಸಿ ಕೆಟ್ಟರೂ ಅವರೇ. ಆ ಸೈರನ್ ಆನೆಗೆ ಹೊಡೆಯಿತೋ ಇಲ್ಲವೋ, ನವಿಲು ಹಾರಿದರೆ ಹೊಡೆಯಿತು, ಒಣಗಿದ ಸೋಗೆ ಬಿದ್ದರೆ ಹೊಡೆಯಿತು, ಒಮ್ಮೆ ಧಣಿಗಳೇ ನಡೆದು ಬಂದಾಗಲೂ ಹೊಡೆಯಿತು. ಅವರು ಸ್ವಲ್ಪ ದಪ್ಪ. ಆಳುಗಳು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರಂತೆ.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಪಂಪಿನ ಕೆಲಸ ಶುರುವಾದ ದಿನ ದೇವರ ಮುಂದೆ ನಿಂತು ಒಂದು ನೇಮ ಹಿಡಿದಿದ್ದೆ. ಈ ಕೆಲಸ ಮುಗಿಯುವವರೆಗೆ, ಬೆಳಿಗ್ಗೆ ಅವರು ಸುರಕ್ಷಿತವಾಗಿ ಮನೆಗೆ ಬರುವ ತನಕ ನಾನು ಒಂದು ತೊಟ್ಟು ನೀರೂ ಮುಟ್ಟುವುದಿಲ್ಲ, ಕಾಪಾಡು ತಾಯಿ, ಎಂದು. ಅವರು ಹೊರಟ ಕೂಡಲೇ ದೀಪ ಹಚ್ಚಿ ಕೂರುತ್ತಿದ್ದೆ. ಧನ್ಯಾಳ ಮುಂದೆ ಆನೆಯ ಮಾತು ಆಡಬಾರದು ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದ್ದೆ. ಅವಳು ಒಳಗೆ ಬಂದರೆ ಮೊಬೈಲು ಮಗುಚಿ ಇಡುತ್ತಿದ್ದೆವು, ಮಾತನ್ನು ಹಲಸಿನ ಹಪ್ಪಳದ ಕಡೆ ತಿರುಗಿಸುತ್ತಿದ್ದೆವು. ಮಗು ಹೆದರದಿರಲಿ ಎಂದು.

ಅದೇ ಹೊತ್ತಿಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು.

ಬೆಳಿಗ್ಗೆ ಏಳುತ್ತಲೇ ಹೊಕ್ಕುಳ ಸುತ್ತ ಹಿಡಿದುಕೊಂಡು ಮುದುರುತ್ತಿದ್ದಳು. ಮುಖ ಬಿಳಿಚಿಕೊಳ್ಳುತ್ತಿತ್ತು. ಶಾಲೆಯ ಜೀಪು ಗೇಟಿನಲ್ಲಿ ಹಾರನ್ ಹೊಡೆದು ಹೊಡೆದು ಹೋಗುತ್ತಿತ್ತು. ಮೊದಲು ಅಜೀರ್ಣ ಎಂದುಕೊಂಡು ಓಮದ ಕಷಾಯ ಮಾಡಿದೆ. ಆಮೇಲೆ ಹುಳದ ಮಾತ್ರೆ. ಅತ್ತೆ ಮೆಣಸು, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ನಾಭಿ ಜಾರಿರಬೇಕು ಎಂದು ಯಾರೋ ಹೇಳಿದ್ದಕ್ಕೆ ಅದನ್ನೂ ಎಣ್ಣೆ ಹಚ್ಚಿ ತಿಕ್ಕಿಸಿದ್ದಾಯಿತು. ಕಳಸಕ್ಕೆ ಹೋದಾಗ ಒಂದು ದಾರ, ನಮ್ಮ ಮನೆದೇವರದ್ದು ಒಂದು ದಾರ, ಮುನೀರಣ್ಣನ ಹೆಂಡತಿ ಪ್ರೀತಿಯಿಂದ ಮಂತ್ರಿಸಿ ತಂದುಕೊಟ್ಟಿದ್ದು ಒಂದು. ಪುಟ್ಟ ಕೈ ಬಣ್ಣಬಣ್ಣವಾಯಿತು, ನೋವು ಹಾಗೇ ಇತ್ತು. ಮೂಡಿಗೆರೆಯಲ್ಲಿ ಡಾಕ್ಟರಿಗೆ ತೋರಿಸಿದೆವು. ರಕ್ತ, ಮೂತ್ರ, ಸ್ಕ್ಯಾನ್ ಎಲ್ಲ ಆಯಿತು. ಎಲ್ಲ ಸರಿಯಾಗಿದೆ ಎಂದರು. ಸರಿಯಾಗಿದ್ದರೆ ಮಗು ಯಾಕೆ ಅಳುತ್ತದೆ?

"ಸ್ಕೂಲ್ ತಪ್ಪಿಸೋ ಹೊಟ್ಟೆನೋವು ಇದು, ನನ್ನ ಮೊಮ್ಮಗನಿಗೂ ಇತ್ತು, ಒಂದು ಬಾರುಕೋಲಲ್ಲಿ ವಾಸಿ ಆಯ್ತು" ಎಂದರು ಪಕ್ಕದ ತೋಟದ ಅಜ್ಜಿ.

ಅತ್ತೆ ಸಿಡುಕಿದರು. "ಭಾನುವಾರ ಯಾವ ಸ್ಕೂಲು ಇರ್ತದೆ ಮಾರಾಯ್ತಿ? ಭಾನುವಾರವೂ ಬರ್ತದಲ್ಲ ಅವಳಿಗೆ!"

ಅದು ನಿಜ. ಭಾನುವಾರವೂ ಬರುತ್ತಿತ್ತು. ಆದರೆ ಆ ಮಾತಿನ ತುದಿ ಹಿಡಿದು ಮುಂದಕ್ಕೆ ಯೋಚಿಸಲು ನಮಗೆ ಯಾರಿಗೂ ಹೊಳೆಯಲಿಲ್ಲ.

ಮಗು ಸೊರಗಿತು. ಒಂದು ಸಂಜೆ ನಮ್ಮವರು ಕಣದ ಕಟ್ಟೆಯ ಮೇಲೆ ಕೂತು ಹೇಳಿದರು, "ಅಕ್ಕನ ಮನೆಗೆ ಕಳಿಸೋಣ ಅಂತ ಇದ್ದೀನಿ. ಕಡೂರಿನಲ್ಲಿ ಗಾಳಿ ಬೇರೆ, ನೀರು ಬೇರೆ. ಪರೀಕ್ಷೆ ಆದ ಮೇಲೆ ಅಲ್ಲೇ ಸ್ಕೂಲಿಗೆ ಸೇರಿಸಿದ್ರಾಯ್ತು. ಇಲ್ಲೇ ಇಟ್ಕೊಂಡು ಎಷ್ಟು ದಿನ ಅಂತ ಅಳಿಸೋದು?"

ಒಬ್ಬಳೇ ಮಗಳು. ಅವಳ ಎರಡು ಜಡೆ ಹೆಣೆಯದೆ ನನ್ನ ಬೆಳಗು ಹೇಗೆ ಶುರುವಾಗಬೇಕು? ಆದರೂ ಅವಳಿಗೆ ಒಳ್ಳೆಯದಾಗುವುದಾದರೆ ಬೇಡ ಎನ್ನಲು ನಾನು ಯಾರು? "ಚಿಕ್ಕಮಗಳೂರಲ್ಲಿ ಮಕ್ಕಳ ಡಾಕ್ಟರಿಗೆ ಒಂದ್ಸಲ ತೋರಿಸಿ ಬಿಡ್ತೀನಿ. ಆಮೇಲೆ ನೀವು ಹೇಳಿದ ಹಾಗೆ" ಎಂದೆ. ಬಾಗಿಲ ಸಂದಿಯಲ್ಲಿ ಧನ್ಯಾಳ ಲಂಗದ ಅಂಚು ಕಂಡಿತು. ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ನೋವು ಎರಡರಷ್ಟು.

ಮುನೀರಣ್ಣನಿಗೆ ಚಿಕ್ಕಮಗಳೂರಿನಲ್ಲಿ ಪಂಪಿನ ಸಾಮಾನು ತರುವುದಿತ್ತು. ಅವರ ಜೀಪಿನಲ್ಲೇ ನಾನು, ಧನ್ಯಾ ಹೋದೆವು. ದಾರಿಯುದ್ದಕ್ಕೂ ಅವಳು ಅವರನ್ನು ಪೀಡಿಸುತ್ತಿದ್ದಳು.

"ಮಾಮ, ನಿಮ್ಮ ಸೈರನ್ನಿಗೆ ಬುದ್ಧಿಯೇ ಇಲ್ಲ. ನಿನ್ನೆ ಬೆಕ್ಕಿಗೆ ಹೊಡೀತು."

"ಅದಕ್ಕೆ ಬುದ್ಧಿ ಜಾಸ್ತಿ ಆಗಿದೆ ಪುಟ್ಟಿ, ಅದೇ ತೊಂದ್ರೆ. ನಾಳೆ ಬಂದು ಸ್ಕ್ರೂ ತಿರುಗಿಸಿ ಸ್ವಲ್ಪ ದಡ್ಡ ಮಾಡ್ತೀನಿ. ಆಮೇಲೆ ಆನೆಗೆ ಮಾತ್ರ ಹೊಡೀತದೆ ನೋಡು."

ಡಾಕ್ಟರಮ್ಮ ನನ್ನ ವಯಸ್ಸಿನವರೇ. ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿದರು, ತೂಕ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ನಿದ್ದೆಯಿಂದ ಎಬ್ಬಿಸುವಷ್ಟು ನೋವು ಬರುತ್ತದೆಯೇ, ಜ್ವರ, ವಾಂತಿ, ಮಲದಲ್ಲಿ ರಕ್ತ ಉಂಟೇ ಎಂದು ಕೇಳಿದರು. ಯಾವುದೂ ಇರಲಿಲ್ಲ. ಆಮೇಲೆ ನನ್ನನ್ನು ಬಿಟ್ಟು ಅವಳ ಜೊತೆಯೇ ಮಾತಿಗೆ ಕೂತರು.

"ಬೆಳಿಗ್ಗೆ ತಿಂಡಿ ಏನು ತಿಂತೀಯಮ್ಮ?"

ಧನ್ಯಾ ನನ್ನ ಮುಖ ನೋಡಿದಳು. ನಾನೇ ಹೇಳಿದೆ, "ಕಡುಬು, ಅಕ್ಕಿರೊಟ್ಟಿ, ಏನು ಮಾಡಿದ್ರೂ ತಿಂತಾಳೆ ಡಾಕ್ಟ್ರೇ. ತಟ್ಟೆ ಖಾಲಿ ಮಾಡ್ತಾಳೆ."

"ತಟ್ಟೆ ಖಾಲಿ ಮಾಡೋದು ರಾಜ" ಎಂದಳು ಧನ್ಯಾ, ಮೆಲ್ಲಗೆ.

ರಾಜ ನಮ್ಮ ನಾಯಿ. ಈಚೆಗೆ ಅದು ದಪ್ಪಗಾಗಿದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು.

"ನೀನು ಯಾಕೆ ತಿನ್ನಲ್ಲ?" ಡಾಕ್ಟರಮ್ಮ ಬೈಯುವವರ ಹಾಗೆ ಕೇಳಲಿಲ್ಲ. ಗುಟ್ಟು ಕೇಳುವವರ ಹಾಗೆ ಕೇಳಿದರು.

"ಅಮ್ಮ ತಿನ್ನಲ್ವಲ್ಲ. ಅಪ್ಪ ಬರೋವರೆಗೂ ನೀರೂ ಕುಡಿಯಲ್ಲ. ಅಪ್ಪನಿಗೆ ಆನೆ ಸಿಗಬಾರದು ಅಂತ." ಸ್ವಲ್ಪ ತಡೆದು ಹೇಳಿದಳು, "ನಾನು ತಿಂದ್ರೆ ಅಮ್ಮಂದೂ ಹಾಳಾಗ್ತದೆ."

ನನ್ನ ಕಣ್ಣು ತುಂಬಿತು. ನಾವು ಮೊಬೈಲು ಮಗುಚಿಟ್ಟದ್ದು, ಹಪ್ಪಳದ ಮಾತು ತೆಗೆದದ್ದು, ಯಾವುದೂ ಅವಳಿಂದ ಏನನ್ನೂ ಮುಚ್ಚಿರಲಿಲ್ಲ. ಮಗು ಸುದ್ದಿಯನ್ನು ಮೊಬೈಲಿನಲ್ಲಿ ಓದುತ್ತಿರಲಿಲ್ಲ, ನನ್ನ ಮುಖದಲ್ಲಿ ಓದುತ್ತಿತ್ತು.

"ಆವಾಗ ಹೊಟ್ಟೆ ನೋವು ಬರ್ತದಾ?"

"ಅಪ್ಪ ಕಣದಿಂದ ಇಳಿದ ಕೂಡಲೆ. ಅಪ್ಪ ಬಂದು ಚಪ್ಪಲಿ ಬಿಟ್ಟ ಸದ್ದು ಕೇಳಿದ ಮೇಲೆ ಕಮ್ಮಿ ಆಗ್ತದೆ. ಆದ್ರೆ ಅಷ್ಟೊತ್ತಿಗೆ ಸ್ಕೂಲ್ ಜೀಪು ಹೋಗಿರ್ತದೆ." ಒಮ್ಮೆಲೇ ಅವಳು ಡಾಕ್ಟರಮ್ಮನ ಕಡೆ ಬಾಗಿದಳು. "ನಾನು ಸುಳ್ಳು ಹೇಳ್ತಿಲ್ಲ. ನಿಜವಾಗ್ಲೂ ನೋಯ್ತದೆ."

"ನಿಜವಾಗ್ಲೂ ನೋಯ್ತದೆ" ಎಂದರು ಡಾಕ್ಟರಮ್ಮ. "ನಿನ್ನ ನೋವು ನೂರಕ್ಕೆ ನೂರು ನಿಜ. ಯಾರಾದ್ರೂ ನಾಟಕ ಅಂದ್ರೆ ನನ್ನ ಹತ್ರ ಕಳಿಸು." ಆಮೇಲೆ ಅವಳ ಮನೆ, ತೋಟ, ಕೆರೆ ಎಲ್ಲ ಕೇಳಿದರು. ಸೈರನ್ನಿನ ಕಥೆ ಬಂತು. ಧಣಿಗಳಿಗೆ ಹೊಡೆದದ್ದನ್ನು ಕೇಳಿ ಅವರು ನಕ್ಕದ್ದು ಹೊರಗಿನ ಬೆಂಚಿನವರಿಗೂ ಕೇಳಿಸಿರಬೇಕು. ನಗು ಮುಗಿಸಿ, ಅದೇ ಸೈರನ್ನನ್ನು ಹಿಡಿದುಕೊಂಡರು.

"ನೋಡು ಪುಟ್ಟಿ, ನಮ್ಮ ತಲೆಗೂ ಹೊಟ್ಟೆಗೂ ನರಗಳ ತಂತಿ ಎಳೆದಿದೆ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹಗಲು ರಾತ್ರಿ ಮಾತು. ತಲೆಗೆ ಹೆದರಿಕೆ ಆದ್ರೆ ಹೊಟ್ಟೆಗೆ ಸುದ್ದಿ ಹೋಗ್ತದೆ. ಹೊಟ್ಟೆ ಬಿಗೀತದೆ, ಕರುಳು ಹಿಂಡ್ತದೆ. ದಿನಾ ಹೀಗೇ ಆದ್ರೆ ಆ ತಂತಿಗೆ ಸೂಕ್ಷ್ಮ ಜಾಸ್ತಿ ಆಗ್ತದೆ. ನಿಮ್ಮ ಕೆರೆ ಸೈರನ್ ಹಾಗೆ. ಸದ್ದು ನಿಜವಾದ್ದೇ. ಕಿವಿ ಕಿತ್ತುಹೋಗೋ ಅಷ್ಟು ನಿಜ. ಆದ್ರೆ ಅಲ್ಲಿ ಬಂದಿರೋದು ಆನೆ ಅಲ್ಲ, ಬೆಕ್ಕು. ಹೊಟ್ಟೆ ಒಳಗೆ ಗಾಯ ಇಲ್ಲ, ಗಂಟು ಇಲ್ಲ. ಕಾವಲು ಕೂತು ಕೂತು ಹೊಟ್ಟೆಗೆ ಸುಸ್ತಾಗಿದೆ, ಅಷ್ಟೆ."

ಧನ್ಯಾ ಗಂಭೀರವಾಗಿ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದಳು. "ಹಾಗಾದ್ರೆ ನನ್ನ ಹೊಟ್ಟೆಗೆ ಸ್ಕ್ರೂ ಎಲ್ಲಿದೆ?"

"ಉಸಿರಲ್ಲಿದೆ" ಎಂದರು ಅವರು. ಮೂಗಿನಿಂದ ಮೆಲ್ಲಗೆ ಉಸಿರು ಎಳೆದು ಹೊಟ್ಟೆ ಉಬ್ಬಿಸಿ, ಅದಕ್ಕಿಂತ ಮೆಲ್ಲಗೆ, ಉದ್ದವಾಗಿ ಹೊರಗೆ ಬಿಡುವುದನ್ನು ಹೇಳಿಕೊಟ್ಟರು. ಹಾಗೆ ಬಿಟ್ಟಾಗ ನರಗಳಿಗೆ 'ಇನ್ನು ಪರವಾಗಿಲ್ಲ' ಎಂಬ ಸುದ್ದಿ ಹೋಗುತ್ತದಂತೆ. ನನಗೆ ಹೇಳಿದ್ದು ಬೇರೆ: ಬೆಳಗಾದರೆ 'ಹೊಟ್ಟೆ ನೋಯ್ತದಾ' ಎಂದು ಕೇಳಬೇಡಿ, ಕೇಳಿದಷ್ಟೂ ಅವಳ ಗಮನ ಅಲ್ಲೇ ಕೂರುತ್ತದೆ. ಸ್ವಲ್ಪ ನೋವಿದ್ದರೂ ಶಾಲೆಗೆ ಕಳಿಸಿ. ಆನೆಯ ವಿಷಯ ಮುಚ್ಚಿಡಬೇಡಿ, ಗೊತ್ತಿದ್ದಷ್ಟು ನೇರವಾಗಿ ಹೇಳಿ. ಹೊತ್ತಿಗೆ ಸರಿಯಾಗಿ ತಿನ್ನಲಿ. ಮತ್ತೆ ತೂಕ ಇಳಿದರೆ, ಜ್ವರ ಬಂದರೆ ತಕ್ಷಣ ಬನ್ನಿ.

"ಮತ್ತೆ ಇವಳನ್ನ ಕಡೂರಿಗೆ, ಇವಳಪ್ಪನ ಅಕ್ಕನ ಮನೆಗೆ ಕಳಿಸೋದು?" ಎಂದು ಕೇಳಿದೆ.

"ಕಡೂರಿಗೆ ಹೋದ್ರೆ ಅಪ್ಪ ಚಪ್ಪಲಿ ಬಿಟ್ಟ ಸದ್ದು ಕೇಳಿಸ್ತದಾ?" ಎಂದರು ಅವರು.

ಕೈಯ ದಾರಗಳನ್ನು ಬಿಚ್ಚಬೇಕಾ ಎಂದು ಕೇಳಿದೆ. "ಯಾಕೆ ಬಿಚ್ಚಬೇಕು? ಅಷ್ಟೊಂದು ಜನ ಅವಳ ಜೊತೆಗಿದ್ದಾರೆ ಅಂತ ಆಯ್ತಲ್ಲ" ಎಂದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಜೀಪಿನಲ್ಲಿ ವಾಪಸ್ಸು ಬರುವಾಗ ಧನ್ಯಾ ಮುನೀರಣ್ಣನಿಗೆ ಎಲ್ಲವನ್ನೂ ವಿವರಿಸಿದಳು. "ಮಾಮ, ನನ್ನೊಳಗೂ ನೀವು ಹಾಕಿದ ಸೈರನ್ನೇ ಇದೆಯಂತೆ."

"ಯಾ ಅಲ್ಲಾ! ಹಾಗಾದ್ರೆ ರಿಪೇರಿಗೆ ನಾನೇ ಬರಬೇಕಾ?"

"ಬೇಡ, ನಿಮ್ಮ ರಿಪೇರಿ ಗೊತ್ತುಂಟು!"

ಅವರು ಸ್ಟೀರಿಂಗ್ ಬಡಿದು ನಕ್ಕರು. ಎಷ್ಟು ದಿನದ ಮೇಲೆ ನನ್ನ ಮಗಳು ತಮಾಷೆ ಮಾಡಿದ್ದಳು! ಆ ಸಂಜೆ ದೀಪ ಹಚ್ಚುವಾಗ ಮೊದಲು ಅದನ್ನೇ ದೇವರಿಗೆ ಒಪ್ಪಿಸಿದೆ. ದೀಪದ ಮುಂದೆ ಆ ದಿನದ ಚಿಕ್ಕಪುಟ್ಟ ಒಳ್ಳೆಯದನ್ನೆಲ್ಲ ಹೇಳಿಕೊಳ್ಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಬಸ್ಸು ಸಿಕ್ಕಿತು, ಹೀಗೆ. ದೊಡ್ಡದನ್ನು ಕೊಟ್ಟಾಗ ಎಲ್ಲರೂ ನೆನೆಯುತ್ತಾರೆ, ಚಿಕ್ಕದನ್ನು ಕೊಟ್ಟವನಿಗೂ ಯಾರಾದರೂ ಒಬ್ಬರು ಹೇಳಬೇಕಲ್ಲ.

ಆದರೆ ಆ ದಿನ ದೀಪದ ಮುಂದಿನಿಂದ ಏಳಲು ಆಗಲಿಲ್ಲ. ನೇಮ ಬಿಡುವುದು ಹೇಗೆ? ಕೆಲಸ ಇನ್ನೂ ಅರ್ಧ ಬಾಕಿ. ನಡುವೆ ನೇಮ ಮುರಿದು ಅವರಿಗೆ ಏನಾದರೂ ಆದರೆ? ಬಿಡದಿದ್ದರೆ ಮಗಳು ತಿನ್ನುವುದಿಲ್ಲ. ಒಂದು ಕಡೆ ಗಂಡ, ಒಂದು ಕಡೆ ಮಗಳು, ನಡುವೆ ನನ್ನ ಒಂದು ಲೋಟ ನೀರು.

ಅತ್ತೆ ಬಂದು ಪಕ್ಕದಲ್ಲಿ ಕೂತರು. ವಿಷಯ ಕೇಳಿದರು. "ನೀನು ನೀರು ಬಿಟ್ಟಿದ್ದಕ್ಕಲ್ಲ ಮಾರಾಯ್ತಿ, ಆ ದೇವಿಗೆ ನಿನ್ನ ಮೇಲೆ ಕರುಣೆ ಇದ್ದಿದ್ದಕ್ಕೆ ಇಷ್ಟು ದಿನ ಕಾಪಾಡಿದ್ದಾಳೆ. ಹಸಿದ ಮಗುವನ್ನ ಎದುರಿಗಿಟ್ಕೊಂಡು ಯಾವ ತಾಯಿ ಪೂಜೆ ತಗೊಳ್ತಾಳೆ? ಏಳು." ತಾವೇ ಅರಿಶಿನ ಹಚ್ಚಿದ ಬಟ್ಟೆಯ ಚೂರು ತಂದು, ಒಂದು ನಾಣ್ಯ ಇಟ್ಟು ಗಂಟು ಕಟ್ಟಿ ತಪ್ಪುಕಾಣಿಕೆ ಎಂದು ದೇವರ ಮುಂದೆ ಇಟ್ಟರು. ನಾನು ಕೈಮುಗಿದು ಹೇಳಿದೆ: ತಾಯಿ, ನೇಮ ಬಿಡುತ್ತಿಲ್ಲ, ಬದಲಾಯಿಸುತ್ತಿದ್ದೇನೆ. ನಾಳೆಯಿಂದ ಮಗಳ ಜೊತೆ ಕೂತು ತಿನ್ನುವುದೇ ನನ್ನ ನೇಮ.

ಮರುದಿನ ನಮ್ಮವರು ಇಳಿದು ಹೋದ ಮೇಲೆ ಅವಳ ಮುಂದೆ ಕೂತು ಮೊದಲ ತುತ್ತು ನಾನೇ ಬಾಯಿಗಿಟ್ಟೆ. ಧನ್ಯಾ ನನ್ನನ್ನೇ ನೋಡುತ್ತಿದ್ದಳು. ನುಂಗಿದೆ. ಅವಳೂ ಒಂದು ಚೂರು ಮುರಿದಳು. ಬಾಗಿಲಲ್ಲಿ ರಾಜ ಬಾಲ ಆಡಿಸಿ ಆಡಿಸಿ ನಿರಾಶೆಯಿಂದ ಮಲಗಿದ.

ತಿನ್ನುವುದು ದಾರಿಗೆ ಬಂತು, ಉಸಿರಾಟದ ಪಾಠ ಮಾತ್ರ ಬರಲಿಲ್ಲ. "ಮಲಗು, ಹೊಟ್ಟೆ ಉಬ್ಬಿಸು" ಎಂದರೆ ಸಾಕು, ಅವಳಿಗೆ ನಗು, ಇಲ್ಲವೇ ಬೇಜಾರು. "ನಾನೇನು ಕಪ್ಪೆಯಾ?" ಎನ್ನುತ್ತಿದ್ದಳು. ನೋವು ಬಂದಾಗ ಹೇಳಿದರಂತೂ ಸಿಟ್ಟು.

ದಾರಿ ತೋರಿಸಿದ್ದು ಅವಳ ಅಪ್ಪ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಲೆ ಕೆರೆದುಕೊಂಡು ಹೇಳಿದರು, "ಹೊಟ್ಟೆ ತುಂಬ ಉಸಿರು ತಗೊಂಡು ಉದ್ದಕ್ಕೆ ಬಿಡೋದು ಅಂದ್ರೆ ಕೂಗು ಹಾಕೋದಲ್ವಾ?"

ನಮ್ಮ ಕಡೆ ತೋಟದಲ್ಲಿ ಒಬ್ಬರಿಗೊಬ್ಬರು ಕಾಣದಷ್ಟು ದೂರವಿದ್ದಾಗ ಹೆಸರು ಕರೆಯುವುದಿಲ್ಲ, ಕೂಗು ಹಾಕುತ್ತಾರೆ. 'ಕೂ...' ಎಂದು ಉದ್ದಕ್ಕೆ ಎಳೆದ ಒಂದೇ ದನಿ. ಕೇಳಿದವರು ಹಾಗೇ ತಿರುಗಿ ಹಾಕಿದರೆ 'ಇಲ್ಲಿದ್ದೀನಿ, ಪರವಾಗಿಲ್ಲ' ಎಂದು ಅರ್ಥ. ಎದೆಯಿಂದ ಹಾಕಿದ ಕೂಗು ಕಣ ದಾಟುವುದಿಲ್ಲ, ಹೊಟ್ಟೆಯಿಂದ ಬರಬೇಕು.

"ನಾನು ಶೆಡ್ಡಿಗೆ ಹೋಗಿ ಬಾಗಿಲು ಹಾಕ್ಕೊಂಡ ಮೇಲೆ ಒಂದು ಕೂಗು ಹಾಕ್ತೀನಿ. ನೀನು ಕಣದಲ್ಲಿ ನಿಂತು ತಿರುಗಿ ಹಾಕು. ನಿಂದು ನನಗೆ ಕೇಳಿಸಬೇಕು, ಗೊತ್ತಾಯ್ತಾ?"

"ಹೆಣ್ಣುಮಗು, ಬೆಳಗಾಗೆದ್ದು ಕೂಗು ಹಾಕೋದಾ?" ಎಂದರು ಅತ್ತೆ. "ನೋಡಿದವರು ಎಂತ ಹೇಳ್ತಾರೆ?"

"ನೋಡಿದವರು ಆನೆ ಆದ್ರೆ ಓಡಿ ಹೋಗ್ತಾವೆ, ಬಿಡಿ ಅಮ್ಮ" ಎಂದರು ನಮ್ಮವರು.

ಮೊದಲ ಬೆಳಿಗ್ಗೆ ಕೆಳಗಿನಿಂದ ಅವರ ಕೂಗು ಮಂಜಿನೊಳಗಿಂದ ಎದ್ದು ಬಂತು. ಧನ್ಯಾ ಬಾಯಿ ತೆರೆದಳು. ಹೊರಟಿದ್ದು ಕೋಳಿಮರಿಯ ದನಿ. ಕೆಳಗಿನಿಂದ ಮತ್ತೆ ಕೂಗು: ಕೇಳಿಸಲಿಲ್ಲ ಎಂದು. ಅವಳು ಕಾಲು ಅಗಲಿಸಿ ನಿಂತು, ಹೊಟ್ಟೆ ಉಬ್ಬುವಷ್ಟು ಉಸಿರು ತುಂಬಿ ಇನ್ನೊಂದು ಹಾಕಿದಳು. ಅದು ಕಣ ದಾಟಿತು, ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳನ್ನು ದಾಟಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ತಳದಿಂದ ಅಪ್ಪನ ಉತ್ತರ, ಅದರ ಹಿಂದೆಯೇ ಪೈಪು ಹೊರುವ ಆಳುಗಳೆಲ್ಲ ಸೇರಿ ಹಾಕಿದ ಕೂಗು. ಎದುರಿನ ಗುಡ್ಡ ಅದನ್ನೆಲ್ಲ ಒಟ್ಟು ಮಾಡಿ ವಾಪಸ್ಸು ಕಳಿಸಿತು. ಮಗಳು ಕುಣಿದಳು. ನನ್ನ ಕೈ ತಾನಾಗಿ ಮುಗಿಯಿತು.

ಅವತ್ತೇ ನೋವು ಮಾಯವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಕೆಲವು ದಿನ ಜೋರಾಗಿಯೇ ಬಂತು. ನನಗೆ 'ನೋಯ್ತದಾ ಕಂದ' ಎಂದು ಕೇಳದಿರುವುದು ನೀರು ಬಿಡುವುದಕ್ಕಿಂತ ಕಷ್ಟದ ನೇಮವಾಯಿತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿ "ಇವತ್ತು ಜಡೆಗೆ ಯಾವ ರಿಬ್ಬನ್ನು?" ಎಂದು ಕೇಳುತ್ತಿದ್ದೆ. ಗ್ರೂಪಿನ ಸುದ್ದಿಯನ್ನು ಈಗ ಅವಳೇ ಓದುತ್ತಿದ್ದಳು. "ಅಪ್ಪ, ಇವತ್ತು ಮೇಲಿನ ತೋಟದಲ್ಲಿದೆಯಂತೆ, ನೀವು ಕೆಳಗಿನ ದಾರಿಯಲ್ಲಿ ಹೋಗಿ" ಎಂದು ತೋಟದ ಲೆಕ್ಕ ಬರೆಯುವ ದೊಡ್ಡ ರೈಟರ ಹಾಗೆ ಅಪ್ಪಣೆ. ಕೂಗು ಹಾಕಿ, ಉತ್ತರ ಕೇಳಿ, ತಿಂಡಿ ತಿಂದು ಶಾಲೆಯ ಜೀಪು ಹತ್ತುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ಹತ್ತಿದ ದಿನಗಳೂ ಉಂಟು. ಬರುಬರುತ್ತಾ ಹಿಡಿದುಕೊಳ್ಳುವುದು ಕಮ್ಮಿಯಾಯಿತು. ಮುನೀರಣ್ಣ ಸೈರನ್ನಿನ ಸ್ಕ್ರೂ ತಿರುಗಿಸಿದರು. ಅದೂ ಸ್ವಲ್ಪ ದಡ್ಡನಾಯಿತು.

ಕಡೂರಿನ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಹೋಗುವುದೋ ಬಿಡುವುದೋ ತೀರ್ಮಾನವಾಗದೆ ಹಾಗೇ ತೂಗುತ್ತಿತ್ತು. ಕಡೂರಿನ ಅತ್ತಿಗೆ ಫೋನಿನಲ್ಲಿ ಕೇಳಿದಾಗ ನಮ್ಮವರು "ನೋಡೋಣ ಅಕ್ಕ" ಎನ್ನುತ್ತಿದ್ದರು.

ಅಷ್ಟರಲ್ಲಿ ಹೂವು ಬಂತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಇಳಿಜಾರಿನ ಇಡೀ ರೋಬಸ್ಟಾ ತೋಟ ಬೆಳ್ಳಗಾಗಿತ್ತು. ಎಲೆ ಕಾಣಿಸದಷ್ಟು ಹೂವು. ಆ ವಾಸನೆಗೆ ದೇವರ ಮನೆಯ ಊದುಬತ್ತಿ ನಾಚಬೇಕು. ಹೂ ಅರಳಿದ ದಿನ ತೋಟದೊಳಗೆ ಕೆಲಸ ಮಾಡಿಸುವುದಿಲ್ಲ. ಮೈ ತಗುಲಿ ಹೂವು ಉದುರಬಾರದು, ಜೇನಿಗೆ ಅಡ್ಡಿಯಾಗಬಾರದು. ಅರಳಿದ ಹೂವಿನ ಮೇಲೆ ನೀರೂ ಬೀಳಬಾರದು. ಪಂಪಿನ ವಾಲ್ವು ಸರಿಯಾಗಿ ಮುಚ್ಚಿದೆಯೋ ನೋಡಿ ಬರುತ್ತೇನೆ ಎಂದು ನಮ್ಮವರು ಒಬ್ಬರೇ ಹೊರಟರು. ಜೊತೆಗೆ ಆಳುಗಳಿರಲಿಲ್ಲ. ಹಿಂದಿನ ಸಂಜೆಯ ಸುದ್ದಿ, ಹಿಂಡು ಪಕ್ಕದ ತೋಟಕ್ಕೇ ಬಂದಿದೆ ಎಂದು.

ಕಣದಲ್ಲಿ ನಾವು ಮೂವರು ಹೆಂಗಸರು ನಿಂತೆವು. ಶೆಡ್ಡು ತಲುಪುವ ಹೊತ್ತಾಯಿತು. ಕೂಗು ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತಾಯಿತು. ಜೇನ್ನೊಣಗಳ ಗುಂಯ್ ಸದ್ದು ಬಿಟ್ಟರೆ ತೋಟದಲ್ಲಿ ಬೇರೆ ಸದ್ದಿಲ್ಲ. ಧನ್ಯಾಳ ಕೈ ಹೊಟ್ಟೆಗೆ ಹೋಯಿತು. ಅವಳನ್ನು ಎತ್ತಿಕೊಂಡು ಒಳಗೆ ಹೋಗಿಬಿಡಲೇ ಎನ್ನಿಸಿತು.

"ಅಮ್ಮ, ನನ್ನ ಸೈರನ್ ಹೊಡೀತಾ ಇದೆ" ಎಂದಳು. ಮುಖ ಬಿಳಿಚಿತ್ತು. "ಆನೆಯೋ ಬೆಕ್ಕೋ ಗೊತ್ತಿಲ್ಲ. ನಾನೇ ಕೇಳ್ತೀನಿ."

ಕಾಲು ಅಗಲಿಸಿ ನಿಂತಳು. ಉಸಿರು ತುಂಬಿದಳು. ಅವಳ ಕೂಗು ಆ ಬಿಳಿಯ ಹೂವಿನ ಮೇಲೆ ಹಾದು ಇಳಿದು ಹೋಯಿತು. ಉತ್ತರವಿಲ್ಲ. ಇನ್ನೊಂದು ಹಾಕಿದಳು. ಇಲ್ಲ. ಮೂರನೆಯದಕ್ಕೆ ಉಸಿರು ಸಾಲದೆ ನನ್ನ ಕಡೆ ನೋಡಿದಳು.

ಮದುವೆಯಾಗಿ ಬಂದ ಮೇಲೆ ನಾನು ಎತ್ತರದ ದನಿಯಲ್ಲಿ ಮಾತಾಡಿದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಹೊಟ್ಟೆ ತುಂಬ ಆ ಹೂವಿನ ಗಾಳಿಯನ್ನೇ ತುಂಬಿಕೊಂಡೆ, ಕೂಗಿದೆ. ಎಲ್ಲಿತ್ತೋ ಆ ದನಿ! ಅದು ಮುಗಿಯುವ ಮೊದಲೇ ನನ್ನ ಬೆನ್ನ ಹಿಂದೆ ಇನ್ನೊಂದು ಎದ್ದಿತು. ಸಣ್ಣದು, ಒಡಕು, ಆದರೆ ಉದ್ದ. ಅತ್ತೆ ಕಣ್ಣು ಮುಚ್ಚಿ, ಎರಡೂ ಕೈ ಬಾಯಿಗೆ ಕೊಟ್ಟುಕೊಂಡು ಕೂಗುತ್ತಿದ್ದರು.

ಆಗ ಬಂತು. ಶೆಡ್ಡಿನಿಂದಲ್ಲ, ಕೆರೆಯ ಏರಿಯ ಆ ತುದಿಯಿಂದ, ಏದುಸಿರಿನ ಒಂದು ಕೂಗು. ಅದರ ಹಿಂದೆ ಇನ್ನೊಂದು, ಗಟ್ಟಿಯಾಗಿ.

ಧನ್ಯಾ ಕಣದ ಮೇಲೆ ಕೂತುಬಿಟ್ಟಳು. ಕೈ ಹೊಟ್ಟೆಯ ಮೇಲೆಯೇ ಇತ್ತು. ಆಮೇಲೆ ಆಶ್ಚರ್ಯದಿಂದ ಹೇಳಿದಳು, "ಅಮ್ಮ, ನಿಂತಿತು. ನಾನು ಕೂಗ್ತಾ ಇರುವಾಗ್ಲೇ ಕಮ್ಮಿ ಆಗಿತ್ತು. ನೋಡೋಕೆ ಮರೆತೇಹೋಗಿತ್ತು."

ನಮ್ಮವರು ಮೇಲೆ ಬಂದಾಗ ಮೂವರೂ ಒಟ್ಟಿಗೆ ಮೇಲೆ ಬಿದ್ದೆವು. ಪಾಪ, ತಡವರಿಸುತ್ತಾ ಹೇಳಿದರು. ಶೆಡ್ಡಿಗೆ ಹೋಗುವ ದಾರಿಯಲ್ಲೇ ಎಲೆಅಡಿಕೆ ಹಾಕಿಕೊಂಡಿದ್ದರಂತೆ. ಬಾಯಿ ತುಂಬ ರಸ. ಕೂಗಬೇಕಾದರೆ ಉಗುಳಬೇಕು. ಸುತ್ತ ಎಲ್ಲಿ ನೋಡಿದರೂ ಅರಳಿದ ಹೂವು.

"ಲಕ್ಷ್ಮಿ ಹಾಗೆ ಬಿಟ್ಟಿದೆ, ಅದರ ಬುಡಕ್ಕೆ ಉಗುಳೋದು ಹೇಗೆ? ಏರಿ ಆ ಕಡೆ ಓಡಿಹೋಗಿ ಉಗುಳಿ ಬಂದೆ. ಅಷ್ಟರಲ್ಲಿ ನೀವು ಇಡೀ ಊರನ್ನೇ ಎಬ್ಬಿಸಿದ್ರಿ! ಮೂರನೇ ದನಿ ಯಾರದ್ದು? ಯಾವುದೋ ಕಾಡುಕೋಳಿ ಇದ್ದ ಹಾಗಿತ್ತು."

"ನಿನ್ನ ಹೆತ್ತ ಕೋಳಿ" ಎಂದರು ಅತ್ತೆ.

ಧನ್ಯಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಅವತ್ತು ಅವಳು ಹೊಟ್ಟೆ ಹಿಡಿದುಕೊಂಡದ್ದನ್ನು ನೋಡಿ ನನಗೆ ಹೆದರಿಕೆಯಾಗಲಿಲ್ಲ.

ತಿಂಡಿಗೆ ಕೂತಾಗ ನಮ್ಮವರು ತಟ್ಟೆ ನೋಡುತ್ತಲೇ ಹೇಳಿದರು, "ಅಕ್ಕನಿಗೆ ಫೋನ್ ಮಾಡಿ ಬೇಡ ಅಂತೀನಿ. ಇವಳನ್ನ ಕಳಿಸಿದ್ರೆ ನನ್ನ ಕೂಗಿಗೆ ಉತ್ತರ ಕೊಡೋರು ಯಾರು?"

ಈಗ ಅವಳು ಎಸ್ಸೆಸ್ಸೆಲ್ಸಿ. ಪರೀಕ್ಷೆ ಹತ್ತಿರ ಬಂದರೆ ಈಗಲೂ ಒಮ್ಮೊಮ್ಮೆ ಹೊಟ್ಟೆ ಬಿಗಿಯುತ್ತದೆ. "ಬೆಕ್ಕು ಬಂದಿದೆ ಅಮ್ಮ" ಎಂದು ಪುಸ್ತಕ ಮಗುಚಿಟ್ಟು ಕಣಕ್ಕೆ ಹೋಗಿ ಒಂದು ಕೂಗು ಹಾಕಿ ಬರುತ್ತಾಳೆ. ಪಕ್ಕದ ತೋಟದ ಅಜ್ಜಿ "ಇವಳಿಗೆ ಗಂಡು ಸಿಗೋದು ಹೇಗೆ" ಎಂದು ಚಿಂತೆ ಮಾಡುತ್ತಾರೆ. ಕಿವಿ ಗಟ್ಟಿ ಇರುವವನೇ ಸಿಗಲಿ ಎಂದು ನಾನು ದೇವರಿಗೆ ಹೇಳಿಟ್ಟಿದ್ದೇನೆ.

ಮೊನ್ನೆ ತೋಟದ ಗೇಟಿನ ಹತ್ತಿರ ಬಸ್ಸು ಇಳಿದೆ. ಆ ಹೆಂಗಸು ಕಿಟಕಿಯಿಂದ ಇನ್ನೂ ಅನುಮಾನದಿಂದ ನೋಡುತ್ತಿದ್ದಳು. ಬಸ್ಸು ತಿರುವು ದಾಟುವವರೆಗೆ ಕಾದೆ. ಚೀಲ ಕೆಳಗಿಟ್ಟು, ಆಗ ತಡೆದಿದ್ದ ಆ ಕೂಗನ್ನು ಹಾಕಿದೆ. ಮೊದಲು ಕಣದ ಕಡೆಯಿಂದ ಧನ್ಯಾಳದು ಬಂತು, ಎಳೆಯದಲ್ಲ ಈಗ, ತುಂಬಿದ ದನಿ. ಆಮೇಲೆ ಕೆರೆಯ ಕಡೆಯಿಂದ ನಮ್ಮವರದು. ಸ್ವಲ್ಪ ಕಾದೆ. ತಡವಾಗಿ, ಮನೆಯ ಒಳಗಿನಿಂದಲೇ, ಕಾಡುಕೋಳಿಯದೂ ಬಂತು.

ಸಂಜೆ ದೀಪದ ಮುಂದೆ ಹೇಳಿಕೊಳ್ಳಲು ನನಗೆ ಅಷ್ಟು ಸಾಕಾಯಿತು.